ಮಳೆ ನೀರು ಎತ್ತ ಓಡುತ್ತದೆ? ನಾನು ನಕ್ಷೆ ಓದಿಸುವ ರೀತಿ

ಬಸವನಗುಡಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ನಕ್ಷೆಯ ಪಾಠ ಸಾಮಾನ್ಯವಾಗಿ ಅಕ್ಷಾಂಶ, ರೇಖಾಂಶದಿಂದ ಶುರುವಾಗುತ್ತದೆ. ನಾನು ಎತ್ತರ ಮತ್ತು ನೀರಿನಿಂದ ಶುರು ಮಾಡುತ್ತೇನೆ. "ನಿಮ್ಮ ಮನೆ ಮುಂದೆ ಬಿದ್ದ ಮಳೆ ನೀರು ಯಾವ ಕಡೆ ಓಡುತ್ತದೆ?" ಅಂತ ಕೇಳಿದರೆ ಉತ್ತರ ಹೇಳದ ಮಗು ಇಲ್ಲ. ಆ ಉತ್ತರ ಹಿಡಿದುಕೊಂಡೇ ಉಳಿದ ಪದಗಳಿಗೆಲ್ಲ ಹೋಗಬಹುದು.

ಇದಕ್ಕೆ ಬೇಕಾಗುವುದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ನೆಲದ ಏರುತಗ್ಗು, ನೀರು, ಊರುಗಳನ್ನು ವಿವರವಾಗಿ ತೋರಿಸುವ ನಕ್ಷೆ), ಟ್ರೇಸಿಂಗ್ ಪೇಪರ್, ಒಂದು ಕಂದು ಪೆನ್ಸಿಲ್, ಒಂದು ನೀಲಿ ಪೆನ್ಸಿಲ್. ಬೆಂಗಳೂರಿನ ದಕ್ಷಿಣ ಭಾಗ ಹಳೆಯ ಲೆಕ್ಕದ 57 ಎಚ್/9 ಹಾಳೆಯಲ್ಲಿದೆ, ಉತ್ತರ ಭಾಗ 57 ಜಿ/12ರಲ್ಲಿ. ಎರಡೂ 1:50,000 ಸ್ಕೇಲಿನವು. ಅಂದರೆ ಹಾಳೆಯ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್.

ಸ್ಕೇಲ್ ವಿಚಾರದಲ್ಲಿ ದೊಡ್ಡವರಿಗೂ ಒಂದು ಗೊಂದಲ ಇರುತ್ತದೆ. ಇಡೀ ಭಾರತ ತೋರಿಸುವ ನಕ್ಷೆ ದೊಡ್ಡ ಸ್ಕೇಲಿನದು ಅಂತ ಅಂದುಕೊಳ್ಳುತ್ತಾರೆ. ಅದು ಸಣ್ಣ ಸ್ಕೇಲಿನದು. ನಾನು ಬೋರ್ಡಿನ ಮೇಲೆ ಭಿನ್ನರಾಶಿ ಬರೆದು ತೋರಿಸುತ್ತೇನೆ. ಐವತ್ತು ಸಾವಿರದಲ್ಲಿ ಒಂದು ಪಾಲು ದೊಡ್ಡದೋ, ಹತ್ತು ಲಕ್ಷದಲ್ಲಿ ಒಂದು ಪಾಲು ದೊಡ್ಡದೋ? ಗಣಿತದ ಮೇಷ್ಟ್ರು ಹೇಳಿಕೊಟ್ಟ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ಕಾಂಟೂರ್. ಪಠ್ಯಪುಸ್ತಕದಲ್ಲಿ ಇದಕ್ಕೆ ಒಂದೆರಡು ಸಾಲು ಇರುತ್ತದೆ, ನಾನು ಮಾತ್ರ ಅತಿ ಹೆಚ್ಚು ಸಮಯ ಕೊಡುವುದು ಇದಕ್ಕೇ. ಸಮುದ್ರ ಮಟ್ಟದಿಂದ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಸೇರಿಸುವ ಗೆರೆಯೇ ಕಾಂಟೂರ್. ನಮ್ಮ ಹಾಳೆಯಲ್ಲಿ ಅದು ಕಂದು ಬಣ್ಣದ್ದು, 20 ಮೀಟರಿಗೆ ಒಂದು ಗೆರೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ 880, 900, 920 ಎನ್ನುವ ಅಂಕಿಗಳೇ ಜಾಸ್ತಿ ಕಾಣುತ್ತವೆ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು. ದೂರ ದೂರ ಇದ್ದರೆ ಹೆಚ್ಚುಕಡಿಮೆ ಸಮತಟ್ಟು. ಎರಡು ಕಾಂಟೂರ್‌ಗಳು ಒಂದನ್ನೊಂದು ದಾಟುವುದಿಲ್ಲ. ಒಂದೇ ಜಾಗಕ್ಕೆ ಎರಡು ಎತ್ತರ ಇರಲು ಆಗುವುದಿಲ್ಲ ಅಲ್ವಾ?

ಕಣಿವೆ ಬಂದಾಗ ಗೆರೆ ಬಾಗುತ್ತದೆ. ಬಾಗಿದ ಮೂತಿ ಎತ್ತರದ ಕಡೆಗೆ ಇದ್ದರೆ ಅದು ಕಣಿವೆ, ತಗ್ಗಿನ ಕಡೆಗೆ ಇದ್ದರೆ ದಿಣ್ಣೆ. ಇದಿಷ್ಟು ಗೊತ್ತಾದರೆ ಅರ್ಧ ನಕ್ಷೆ ಓದಲು ಬಂದ ಹಾಗೆ.

ಆಮೇಲೆ ಮಕ್ಕಳಿಗೆ ಕೆಲಸ. ಟ್ರೇಸಿಂಗ್ ಪೇಪರ್ ಇಟ್ಟು ಕಂದು ಗೆರೆಗಳನ್ನು ಮಾತ್ರ ತೆಗೆಯಬೇಕು. ನೀಲಿ ಬಣ್ಣದ ಹಳ್ಳ, ಕೆರೆ ಯಾವುದನ್ನೂ ತೆಗೆಯುವಂತಿಲ್ಲ. ಹಾಳೆಯನ್ನು ಬೇರೆ ಮಾಡಿ, ನೀರು ಎಲ್ಲಿ ಹರಿಯಬೇಕು ಎಂದು ತಾವೇ ನೀಲಿ ಪೆನ್ಸಿಲಿನಲ್ಲಿ ಎಳೆಯಬೇಕು. ಕೊನೆಗೆ ಮತ್ತೆ ಟೋಪೋಶೀಟಿನ ಮೇಲಿಟ್ಟು ನೋಡಬೇಕು. ತಾವು ಎಳೆದ ಗೆರೆ ಮಳೆ ನೀರು ಹರಿಯುವ ನಿಜವಾದ ರಾಜಕಾಲುವೆಯ ಮೇಲೆ ಕೂತಾಗ ತರಗತಿಯಲ್ಲಿ ಏಳುವ ಗದ್ದಲ ನನಗೆ ತುಂಬಾ ಇಷ್ಟ. ಊರಿನ ನಡುವೆ ಕಟ್ಟಡಗಳ ಗುರುತಿನ ಕೆಳಗೆ ಕಂದು ಗೆರೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಹಾಳೆಯ ಅಂಚಿನ ಹಳ್ಳಿಗಳ ಕಡೆಯಿಂದ ಶುರು ಮಾಡುವುದು ಸುಲಭ.

ಜಲವಿಭಾಜಕ ಎಂಬ ಪದವನ್ನು ನಡೆದೇ ಕಲಿಸುತ್ತೇನೆ. ಲಾಲ್‌ಬಾಗ್ ಬಂಡೆ ಹತ್ತಿಸಿ, ಅಲ್ಲಿಂದ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿ ಕಡೆಗೆ ಕರೆದುಕೊಂಡು ಹೋಗುತ್ತೇನೆ. ಬೆಂಗಳೂರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಒಂದು ಏರು ಇದೆ. ಹೆಂಚಿನ ಮನೆಯ ಮಾಡಿನ ನೆತ್ತಿ ಇದ್ದ ಹಾಗೆ. ಲಾಲ್‌ಬಾಗ್ ಕೆರೆಯ ನೀರು ಪೂರ್ವದ ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಸೇರಿದ್ದು. ಅದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ನದಿಗೆ ಹೋಗುತ್ತದೆ. ಪಶ್ಚಿಮಕ್ಕಿರುವ ಕೆಂಪಾಂಬುಧಿ ಕೆರೆಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಎರಡೂ ನೀರು ಸೇರುವುದು ಬಂಗಾಳ ಕೊಲ್ಲಿಯನ್ನೇ, ಆದರೆ ಒಂದು ಕಡಲೂರಿನ ಹತ್ತಿರ, ಇನ್ನೊಂದು ಪೂಂಪುಹಾರ್ ಹತ್ತಿರ. ಒಂದು ಏರಿನ ಎರಡು ಬದಿಗೆ ಬಿದ್ದ ಹನಿಗಳು ಇಷ್ಟು ಬೇರೆ ದಾರಿ ಹಿಡಿಯುತ್ತವೆ. ನೀರನ್ನು ಬೇರೆ ಮಾಡುವ ಈ ಏರೇ ಜಲವಿಭಾಜಕ. ಒಂದು ನದಿಗೆ ನೀರು ಕಳಿಸುವ ಇಡೀ ನೆಲ ಅದರ ಜಲಾನಯನ ಪ್ರದೇಶ.

ಊರು ಏರಿನ ನೆತ್ತಿಯ ಮೇಲಿದೆ, ಅದಕ್ಕೇ ಇಲ್ಲಿ ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಕಣಿವೆಗಳಿಗೆ ಅಡ್ಡಲಾಗಿ ಏರಿ ಹಾಕಿ ಸಾಲು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಅದಕ್ಕೇ ಈಗ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಬೇಕು. ಇಷ್ಟೆಲ್ಲ ಕಾಂಟೂರ್ ಗೆರೆಗಳಲ್ಲೇ ಬರೆದಿದೆ.

ಒಮ್ಮೆ ಒಬ್ಬಳು ಹುಡುಗಿ ಕೇಳಿದಳು, "ಮಿಸ್, ನಕ್ಷೆಯಲ್ಲಿ 900ಕ್ಕಿಂತ ಜಾಸ್ತಿ ಇದೆ, ಅಪ್ಪನ ಫೋನಲ್ಲಿ 830 ಅಂತ ಬರ್ತಿದೆ. ಯಾವುದು ಸರಿ?" ಬಹಳ ಒಳ್ಳೆಯ ಪ್ರಶ್ನೆ. ನಕ್ಷೆ ಎಣಿಸುವುದು ಸರಾಸರಿ ಸಮುದ್ರ ಮಟ್ಟದಿಂದ. ಜಿಪಿಎಸ್ ಎಣಿಸುವುದು ಭೂಮಿಗೆ ಲೆಕ್ಕದಲ್ಲಿ ಕೊಟ್ಟಿರುವ ಒಂದು ನುಣುಪಾದ ಆಕಾರದಿಂದ. ಗುರುತ್ವ ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಸಮುದ್ರದ ಮೇಲ್ಮೈ ಆ ಆಕಾರಕ್ಕೆ ಸರಿಯಾಗಿ ಹೊಂದುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರದ ಮೇಲ್ಮೈ ಆ ಆಕಾರಕ್ಕಿಂತ ನೂರಕ್ಕೂ ಹೆಚ್ಚು ಮೀಟರ್ ಕೆಳಗಿದೆ, ಜಗತ್ತಿನಲ್ಲೇ ಅತಿ ಕೆಳಗೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಸುಮಾರು 85 ಮೀಟರ್, ಅದಕ್ಕೇ ಫೋನಿನ ಅಂಕಿ ಅಷ್ಟು ಕಡಿಮೆ. ಕೆಲವು ಆಪ್‌ಗಳು ತಾವೇ ಸರಿಮಾಡಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ಎತ್ತರದ ಅಂಕಿ ಕಂಡಾಗ ಎಲ್ಲಿಂದ ಅಳೆದದ್ದು ಅಂತ ಕೇಳಲೇಬೇಕು.

ಇಷ್ಟಾದ ಮೇಲೆ ಅಕ್ಷಾಂಶ, ರೇಖಾಂಶ ಬೇಗ ಮುಗಿಯುತ್ತವೆ. ಎರಡು ಹಾಳೆ ಸೇರುವ ಅಂಚೇ 13 ಡಿಗ್ರಿ ಉತ್ತರ ಅಕ್ಷಾಂಶ. ಅದು ಮಲ್ಲೇಶ್ವರದ ಹತ್ತಿರ ಹಾದುಹೋಗುತ್ತದೆ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಸೂರ್ಯ ಇಲ್ಲಿ ನೆತ್ತಿಯ ಮೇಲೆ ಬಂದಾಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದು 12 ಗಂಟೆಗೆ ಆಗುವುದಿಲ್ಲ, ಸುಮಾರು 12:20ಕ್ಕೆ ಆಗುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರುವುದು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ 4 ನಿಮಿಷ.

ಟೋಪೋಶೀಟಿನ ಒಂದು ಮಿತಿಯನ್ನೂ ಹೇಳಿಕೊಡುತ್ತೇನೆ. 20 ಮೀಟರಿಗೆ ಒಂದು ಗೆರೆ ಎಂದರೆ, ಮಳೆಗೆ ನೀರು ನಿಲ್ಲುವ ಎರಡು ಮೀಟರ್ ತಗ್ಗು ಅದರಲ್ಲಿ ಕಾಣುವುದಿಲ್ಲ. ಅದನ್ನು ಮಕ್ಕಳೇ ತುಂಬಬೇಕು. ಬೀದಿಯ ಹಿರಿಯರನ್ನು, ಅಂಗಡಿಯವರನ್ನು ಕೇಳಿ, ಹಿಂದೆ ಕೆರೆ ಎಲ್ಲಿತ್ತು, ಈಗ ನೀರು ಎಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡು ಬರುತ್ತಾರೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಈ ಎರಡನ್ನು ನಾನೇ ಮೊದಲು ಗುರುತು ಹಾಕಿ ಕೊಡುತ್ತೇನೆ, ಉಳಿದದ್ದು ಅವರ ಬಡಾವಣೆಯ ಕೆಲಸ.