ಮನೆ ಬದಲಿಸುವಾಗ ಲಾರಿಗಿಂತ ಮೊದಲು ತಾರೀಖು ನೋಡಿ

ದೇಶ ಬಿಟ್ಟು ಬಂದವರು ಮೊದಲ ಮನೆಯಲ್ಲಿ ಬಹಳ ದಿನ ಇರುವುದು ಕಡಿಮೆ. ಆತುರದಲ್ಲಿ ಸಿಕ್ಕಿದ್ದನ್ನು ಹಿಡಿದಿರುತ್ತೀರಿ. ವರ್ಷ ಕಳೆಯುವಷ್ಟರಲ್ಲಿ ಕೆಲಸಕ್ಕೆ ಹತ್ತಿರ, ಮಕ್ಕಳ ಶಾಲೆಗೆ ಹತ್ತಿರ ಅಂತ ಇನ್ನೊಂದು ಮನೆ ಹುಡುಕುತ್ತೀರಿ. ನಮ್ಮವರು ಕೈ ಸುಟ್ಟುಕೊಳ್ಳುವುದು ಆ ಎರಡನೇ ಮನೆಗೆ ಹೋಗುವಾಗ. ನಾನು ನಾಲ್ಕು ಸಲ ಮನೆ ಬದಲಿಸಿದ್ದೇನೆ, ಗೆಳೆಯರ ಸಾಮಾನು ಎತ್ತಿಳಿಸಿದ್ದಕ್ಕೆ ಲೆಕ್ಕವಿಲ್ಲ. ಎಲ್ಲರೂ ಮೊದಲು ಕೇಳುವುದು ಲಾರಿಗೆ ಎಷ್ಟು ಅಂತ. ಅದನ್ನು ಕೊನೆಗೆ ಕೇಳಿ.

ಮೊದಲು ಹಳೆ ಮನೆಯ ಬಾಡಿಗೆ ಕರಾರು ತೆಗೆದು ನೋಟಿಸಿನ ಸಾಲು ಓದಿ. ಎಷ್ಟು ದಿನ ಮುಂಚೆ ತಿಳಿಸಬೇಕು, ಬರವಣಿಗೆಯಲ್ಲೇ ಕೊಡಬೇಕಾ, ದಿನ ಎಣಿಸುವುದು ಪತ್ರ ಕೊಟ್ಟ ದಿನದಿಂದಲೋ ಅಥವಾ ಮುಂದಿನ ಬಾಡಿಗೆ ತಾರೀಖಿನಿಂದಲೋ? ಈ ಕೊನೆಯದೇ ಮುಖ್ಯ. ಬಾಡಿಗೆ ತಾರೀಖಿನಿಂದ ಎಣಿಸುವ ಕರಾರಾದರೆ, ನೀವು ಒಂದೇ ಒಂದು ದಿನ ತಡ ಮಾಡಿದರೂ ಪೂರ್ತಿ ಒಂದು ತಿಂಗಳ ಬಾಡಿಗೆ ಜಾಸ್ತಿ ಕಟ್ಟಬೇಕಾಗುತ್ತದೆ. ನಾನು ಒಮ್ಮೆ ಫೋನಿನಲ್ಲಿ ಹೇಳಿ ಸುಮ್ಮನಾಗಿದ್ದೆ. ಓನರ್ ಅದು ಲೆಕ್ಕಕ್ಕಿಲ್ಲ ಅಂದರು. ಒಂದು ತಿಂಗಳು ಎರಡು ಮನೆಗೂ ಬಾಡಿಗೆ ಕಟ್ಟಿದೆ. ಲಾರಿಯಲ್ಲಿ ಚೌಕಾಸಿ ಮಾಡಿ ಉಳಿಸಿದ್ದೆಲ್ಲ ಅದರ ಮುಂದೆ ಏನೂ ಅಲ್ಲ.

ಹೊಸ ಮನೆ ಖಾಲಿ ಬಿದ್ದಿದ್ದರೆ ಬಾಡಿಗೆ ಶುರುವಾಗುವ ದಿನವನ್ನು ಸ್ವಲ್ಪ ಮುಂದೆ ಹಾಕಲು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಒಪ್ಪುವವರು ಇದ್ದಾರೆ. ಆದರೆ ಎರಡೂ ಮನೆ ಮೂರ್ನಾಲ್ಕು ದಿನ ನಿಮ್ಮ ಕೈಯಲ್ಲಿರಲಿ. ಆ ನಾಲ್ಕು ದಿನದ ಬಾಡಿಗೆ ದಂಡ ಅನ್ನಿಸಬಹುದು, ಆದರೆ ಅಷ್ಟರಲ್ಲಿ ಸಣ್ಣ ಸಾಮಾನು ನೀವೇ ಸಾಗಿಸಬಹುದು, ಹಳೆ ಮನೆ ನೀವೇ ತೊಳೆದು ಕೊಡಬಹುದು. ಲಾರಿಗೆ ತಿಂಗಳ ಕೊನೆ ಮತ್ತು ಶನಿವಾರ, ಭಾನುವಾರ ಗಿರಾಕಿ ಜಾಸ್ತಿ. ತಿಂಗಳ ನಡುವಿನ ಒಂದು ಮಂಗಳವಾರ ರಜೆ ಹಾಕಲು ಆಗುತ್ತಾ ನೋಡಿ.

ಇನ್ನು ಸಾಮಾನು. ಊರೊಳಗೇ ಹೋಗುವುದಾದರೆ ಗಂಟೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವವರು ಹೆಚ್ಚು. ಅವರು ಬರುವಷ್ಟರಲ್ಲಿ ಮಂಚ ಬಿಚ್ಚಿರಬೇಕು, ಡಬ್ಬಗಳೆಲ್ಲ ಬಾಗಿಲ ಹತ್ತಿರ ಬಂದಿರಬೇಕು, ಲಿಫ್ಟ್ ಬುಕ್ ಆಗಿರಬೇಕು, ಲಾರಿ ನಿಲ್ಲಿಸಲು ಜಾಗ ಇರಬೇಕು. ಆಮೇಲೆ, ಗಂಟೆ ಎಲ್ಲಿಂದ ಶುರು ಅಂತ ಕೇಳಿ. ಅವರ ಆಫೀಸು ಬಿಟ್ಟಾಗಿನಿಂದಲೋ, ನಿಮ್ಮ ಬಾಗಿಲಿಗೆ ಬಂದಾಗಿನಿಂದಲೋ?

ಇನ್ನೊಂದು ದೇಶಕ್ಕೇ ಹೋಗುವುದಾದರೆ ಲೆಕ್ಕ ಬೇರೆ. ಹಡಗಿನಲ್ಲಾದರೆ ಸಾಮಾನು ತುಂಬುವ ಜಾಗ ನೋಡುತ್ತಾರೆ. ವಿಮಾನದಲ್ಲಾದರೆ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 5000 ಅಥವಾ 6000ದಿಂದ ಭಾಗಿಸಿ, ಬಂದಿದ್ದನ್ನು ಕಿಲೋ ಅಂತ ಹಿಡಿಯುತ್ತಾರೆ. ನಿಜವಾದ ತೂಕ, ಈ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 60, 50, 50 ಸೆಂಟಿಮೀಟರಿನ ಒಂದು ಡಬ್ಬದ ತುಂಬ ದಿಂಬು ತುಂಬಿ ನೋಡಿ. ಒಳಗಿರುವುದು ಆರೇ ಕಿಲೋ ಇರಬಹುದು. 5000ದ ಲೆಕ್ಕದಲ್ಲಿ ನೀವು 30 ಕಿಲೋಗೆ ದುಡ್ಡು ಕೊಡುತ್ತೀರಿ! ದಿಂಬು, ರಜಾಯಿ ಯಾರಿಗಾದರೂ ಕೊಟ್ಟುಬಿಡಿ. ಮಿಕ್ಸಿ, ಇಸ್ತ್ರಿಪೆಟ್ಟಿಗೆ ತುಂಬುವ ಮುಂಚೆ ಅದರ ಹಿಂದಿನ ಚೀಟಿ ಓದಿ. ಕೆಲವು ದೇಶಗಳಲ್ಲಿ ಕರೆಂಟು 100ರಿಂದ 127 ವೋಲ್ಟ್, ಉಳಿದ ಕಡೆ 220ರಿಂದ 240. ಒಂದಕ್ಕೆ ಮಾಡಿದ್ದು ಇನ್ನೊಂದರಲ್ಲಿ ಓಡುವುದಿಲ್ಲ, ಸುಟ್ಟೂ ಹೋಗಬಹುದು.

ಪ್ಯಾಕಿಂಗಿಗೆ ಡಬ್ಬ ಕೊಳ್ಳುವ ಮುಂಚೆ ವಿಮಾನದಲ್ಲಿ ತಂದ ದೊಡ್ಡ ಸೂಟ್‌ಕೇಸುಗಳನ್ನು ಇಳಿಸಿ. ಅದರಲ್ಲಿ ಪುಸ್ತಕ ಹಾಕಿ, ಚಕ್ರ ಇದೆಯಲ್ವಾ. ಪಾತ್ರೆಗಳಿಗೆ ಟವೆಲ್, ಬೆಡ್‌ಶೀಟ್ ಸುತ್ತಿದರೆ ಸಾಕು.

ಲಾರಿಯವರ ರೇಟು ಮೂರು ಕಡೆ ಕೇಳಿ, ಮನೆಗೆ ಬಂದೋ ವಿಡಿಯೋದಲ್ಲೋ ಸಾಮಾನು ನೋಡಿದವರದನ್ನು ಮಾತ್ರ ನಂಬಿ. ಮೆಟ್ಟಿಲಿಗೆ, ದೂರ ನಡೆದರೆ, ಕಾಯ್ದರೆ ಬೇರೆ ದುಡ್ಡಾ ಅಂತ ಬರೆಸಿಕೊಳ್ಳಿ. ಉಳಿದವರಿಗಿಂತ ಅರ್ಧ ರೇಟು ಹೇಳಿ ಮುಂಗಡ ನಗದು ಕೇಳಿದರೆ ದಯವಿಟ್ಟು ದೂರ ಇರಿ. ಸಾಮಾನು ಲಾರಿಗೆ ಏರಿದ ಮೇಲೆ ಜಾಸ್ತಿ ಕೊಡದೆ ಇಳಿಸುವುದಿಲ್ಲ ಅನ್ನುವವರಿದ್ದಾರೆ. ಒಡೆದರೆ ಎಷ್ಟು ಕೊಡುತ್ತೀರಿ ಅಂತಲೂ ಕೇಳಿ. ಕೆಲವು ಕಡೆ ಪರಿಹಾರ ತೂಕದ ಮೇಲೆ, ಅಂದರೆ ಹಗುರಾದ ದುಬಾರಿ ಟಿವಿಗೆ ಸಿಗುವುದು ಚಿಲ್ಲರೆ ಕಾಸು.

ಡೆಪಾಸಿಟ್ ವಿಷಯದಲ್ಲಿ ನಾನು ಹಟ ಮಾಡಿಯಾದರೂ ಹೇಳುತ್ತೇನೆ. ಹೊಸ ಮನೆಯ ಬೀಗ ತೆಗೆದ ಕೂಡಲೇ, ಒಂದು ಡಬ್ಬವೂ ಒಳಗೆ ಬರುವ ಮುಂಚೆ, ಗೋಡೆ, ನೆಲ, ಸಿಂಕಿನ ಕೆಳಗೆ, ಒಲೆಯ ಒಳಗೆ ಫೋಟೋ ತೆಗೆದು ಅವತ್ತೇ ಓನರಿಗೆ ಈಮೇಲ್ ಮಾಡಿ. ನಿಮ್ಮ ಫೋನಿನಲ್ಲಿ ಇದ್ದರೆ ಸಾಲದು, ಕಳಿಸಿದ ತಾರೀಖು ಬೇಕು. ಹಳೆ ಮನೆ ಬಿಡುವ ದಿನವೂ ಅದೇ ಕೆಲಸ, ಆಗುವುದಾದರೆ ಓನರನ್ನು ಜೊತೆಗಿಟ್ಟುಕೊಂಡೇ. ಕರೆಂಟು, ನೀರು, ಗ್ಯಾಸಿನ ಮೀಟರಿನ ಫೋಟೋ ಎರಡೂ ಮನೆಯಲ್ಲಿ ಬೇಕು, ಇಲ್ಲದಿದ್ದರೆ ನಿಮಗಿಂತ ಮೊದಲು ಇದ್ದವರ ಬಿಲ್ಲು ನಿಮ್ಮ ತಲೆಗೆ ಬರಬಹುದು. ಇಂಟರ್ನೆಟ್ ನಡುವೆ ನಿಲ್ಲಿಸಿದರೆ ದಂಡ ಇರಬಹುದು, ಹೊಸ ವಿಳಾಸಕ್ಕೆ ವರ್ಗ ಮಾಡಲು ಕೇಳಿ ನೋಡಿ.

ಡಬ್ಬ ಎತ್ತಲು ನಮ್ಮವರನ್ನು ಕರೆಯಿರಿ, ಖಂಡಿತ ಬರುತ್ತಾರೆ. ಒಂದು ವಾರ ಮುಂಚೆ ಹೇಳಿ, ಹಿಂದಿನ ರಾತ್ರಿ ಅಲ್ಲ. ಆದರೆ ಫ್ರಿಜ್ ಮತ್ತು ವಾಷಿಂಗ್ ಮೆಷಿನ್ ಮೆಟ್ಟಿಲಿಳಿಸುವ ಕೆಲಸ ಗೆಳೆಯರಿಗೆ ಕೊಡಬೇಡಿ, ಅದಕ್ಕೆ ಎತ್ತುವ ಬೆಲ್ಟು, ಗಾಲಿ ಇರುವ ತಳ್ಳುಗಾಡಿ ಇಟ್ಟುಕೊಂಡವರನ್ನೇ ಕರೆಸಿ.