ಡಬ್ಬಿಯೊಳಗಿನ 19 ಕ್ರಿಸ್‌ಮಸ್ ಅಲಂಕಾರಗಳು

ಮೂಡುಬಿದಿರೆ ಸಮೀಪದ ನಮ್ಮ ಮನೆಯಲ್ಲಿ ಡಿಸೆಂಬರ್ ಬಂತೆಂದರೆ ಮೊದಲು ಅಟ್ಟದಿಂದ ಇಳಿಯುವುದು ಒಂದು ಹಳೆಯ ತಗಡಿನ ಬಿಸ್ಕತ್ತಿನ ಡಬ್ಬಿ. ಅದರಲ್ಲಿ ಮಗಳು ಮಾಡಿದ 11, ಮಗ ಮಾಡಿದ 8 ಅಲಂಕಾರಗಳಿವೆ. ಕ್ರಿಸ್‌ಮಸ್ ಗಿಡಕ್ಕೆ ತೂಗುಹಾಕಲು ವರ್ಷಕ್ಕೆ ತಲಾ ಒಂದೇ ಒಂದು, ಹಿಂಬದಿಯಲ್ಲಿ ಇಸವಿ ಮತ್ತು ಹೆಸರಿನ ಮೊದಲ ಅಕ್ಷರ. 2013ರಿಂದ ಲೆಕ್ಕ ಹಾಕಿದರೆ ಮಗಳದು 12 ಇರಬೇಕಿತ್ತು. ಮೊದಲ ವರ್ಷದ್ದು ಉಳಿಯಲಿಲ್ಲ.

ಆ ವರ್ಷ ಅವಳಿಗೆ ನಾಲ್ಕು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿದ್ದೆ. ಅವಳು ಅದರಲ್ಲಿ ಒಂದು ಮೀನು ಮಾಡಿದಳು. ಕ್ರಿಸ್‌ಮಸ್‌ಗೆ ಮೀನು ಯಾಕೆ ಎಂದು ಯಾರೂ ಕೇಳಲಿಲ್ಲ. ಬಾಲದ ಹತ್ತಿರ ಸ್ಟ್ರಾ ಚುಚ್ಚಿ ತೂತು ಮಾಡಿ, ಮೂರು ದಿನ ಒಣಗಿಸಿ, ನೀಲಿ ಬಣ್ಣ ಬಳಿದೆವು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮುಂದಿನ ಜುಲೈನಲ್ಲಿ ಏನೋ ಹುಡುಕುತ್ತಾ ರಟ್ಟಿನ ಪೆಟ್ಟಿಗೆ ತೆಗೆದರೆ ಮೀನು ಮೆತ್ತಗಾಗಿ ಕಾಗದಕ್ಕೆ ಅಂಟಿಕೊಂಡಿತ್ತು. ನೀಲಿ ಬಣ್ಣವೆಲ್ಲ ಹರಡಿತ್ತು, ಬದಿಯಲ್ಲಿ ಬೂಸ್ಟು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ, ಆಟಿಯ ಮಳೆಗೆ ನಮ್ಮ ಉಪ್ಪಿನ ಭರಣಿಯಲ್ಲೂ ನೀರು ನಿಲ್ಲುತ್ತದೆ. ಆದರೂ ಹೊಳೆದಿರಲಿಲ್ಲ. ಒಣ ಹವೆಯ ಊರುಗಳಲ್ಲಿ ಈ ಉಪ್ಪಿನ ಹಿಟ್ಟು ಚೆನ್ನಾಗಿ ಬಾಳುತ್ತದೆ. ಕರಾವಳಿಯವರು ಅದನ್ನು ನೆಚ್ಚಿಕೊಳ್ಳಬೇಡಿ.

ಬದಲಿಗೆ ಈಗ ಒಂದು ಲೋಟ ಕಾರ್ನ್‌ಫ್ಲೋರ್, ಎರಡು ಲೋಟ ಅಡುಗೆ ಸೋಡಾ, ಒಂದೂಕಾಲು ಲೋಟ ನೀರು. ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚುತ್ತಿದ್ದರೆ ಮೊದಲು ಹಾಲಿನಂತಿದ್ದದ್ದು ಇದ್ದಕ್ಕಿದ್ದಂತೆ ಮುದ್ದೆ ಕಟ್ಟುತ್ತದೆ. ಆ ಕ್ಷಣಕ್ಕೆ ಒಲೆ ಆರಿಸಬೇಕು, ಇನ್ನೊಂದು ನಿಮಿಷ ಬಿಟ್ಟರೂ ಒಣಗುವಾಗ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಮುಚ್ಚಿ ತಣಿಸಿ ಮಕ್ಕಳ ಕೈಗೆ ಕೊಡುತ್ತೇನೆ. ಅಚ್ಚ ಬಿಳಿ, ಬಣ್ಣ ಹಚ್ಚದಿದ್ದರೂ ಚಂದ. 2014ರಲ್ಲಿ ಇದರಲ್ಲಿ ಮಾಡಿದ ಗಂಟೆ ಇನ್ನೂ ಹಾಗೆಯೇ ಇದೆ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಮಾನು ನಮ್ಮ ತೋಟದಲ್ಲೇ ಬಿದ್ದಿತ್ತು, ಅಡಿಕೆ ಹಾಳೆ. ಅದನ್ನು ತೋರಿಸಿಕೊಟ್ಟದ್ದು ಅಮ್ಮ. ಬಿದ್ದ ಹಾಳೆಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಚರ್ಮದ ಹಾಗೆ ಬಾಗುತ್ತದೆ, ಮಕ್ಕಳ ಕತ್ತರಿಗೂ ಬಗ್ಗುತ್ತದೆ. ನಕ್ಷತ್ರ, ದೇವದೂತ, ಕತ್ತೆ, ಏನು ಬೇಕೋ ಅದನ್ನು ಕತ್ತರಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಅರೆಯುವ ಕಲ್ಲಿನ ಗುಂಡು ಹೇರಬೇಕು. ಎರಡು ದಿನದಲ್ಲಿ ನೆಟ್ಟಗೆ ಒಣಗುತ್ತದೆ. ಒಳಮೈ ನುಣುಪು, ಬೆಣ್ಣೆ ಬಣ್ಣ. ಹೊರಮೈಯಲ್ಲಿ ಕಂದು ಗೆರೆಗಳು, ಒಂದು ಹಾಳೆಯ ಗೆರೆ ಇನ್ನೊಂದಕ್ಕಿಲ್ಲ. ಕಣ್ಣಿಗೆ ಕಾಳುಮೆಣಸು ಅಂಟಿಸುತ್ತೇವೆ. ಕೆಂಪು ಚೆಂದವೆಂದು ಗುಲಗಂಜಿ ಮಾತ್ರ ಬೇಡ, ಅದು ಕಡು ವಿಷ. ಬೀಜ ಮಗುವಿನ ಬಾಯಿಗೆ ಹೋಗಲು ಎಷ್ಟು ಹೊತ್ತು?

ಇದೇ ಹಾಳೆಯ ನಕ್ಷತ್ರದಲ್ಲಿ 2015ರಲ್ಲಿ ನಾನೊಂದು ತಪ್ಪು ಮಾಡಿದೆ. ಮಗಳು ಕತ್ತರಿಸಿದ ನಕ್ಷತ್ರದ ಎರಡು ಮೊನೆ ಉದ್ದ, ಮೂರು ಗಿಡ್ಡ. ರಾತ್ರಿ ಅವಳು ಮಲಗಿದ ಮೇಲೆ ಕತ್ತರಿ ತೆಗೆದು ಉದ್ದದ್ದನ್ನು ಸಮ ಮಾಡಿಟ್ಟೆ. ಬೆಳಿಗ್ಗೆ ಎದ್ದು ನೋಡಿದವಳು ಅಳಲಿಲ್ಲ, ಜಗಳವನ್ನೂ ಮಾಡಲಿಲ್ಲ. "ಇದು ನನ್ನದಲ್ಲ ಮಮ್ಮಿ" ಎಂದಳು. ಸೀದಾ ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯಲ್ಲಿ ಕೈಹಾಕಿ ತೆಂಗಿನಕಾಯಿ ಜುಂಗು, ಈರುಳ್ಳಿ ಸಿಪ್ಪೆಯ ನಡುವಿನಿಂದ ಆ ಎರಡು ತುದಿಗಳನ್ನು ಹುಡುಕಿ ತಂದಳು. ಅಂಟಿಸಲು ಎಷ್ಟು ನೋಡಿದರೂ ನಿಲ್ಲಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು: ಮಗು ಮಾಡಿದ್ದನ್ನು ದೊಡ್ಡವರು ಮುಟ್ಟುವಂತಿಲ್ಲ. ತೂತು ಮಾಡಿಕೊಡಿ ಎಂದರೆ ತೂತು, ದಾರ ಪೋಣಿಸಿ ಎಂದರೆ ದಾರ, ಅಷ್ಟೇ. ಮಗನ ದೇವದೂತನಿಗೆ ರೆಕ್ಕೆ ಒಂದೇ ಇದೆ. ನಮ್ಮ ಕ್ರಿಸ್‌ಮಸ್ ಗಿಡವಾದ ಗಾಳಿ (ಸರ್ವೆ) ಮರದ ಕೊಂಬೆಯಲ್ಲಿ ಅದು ಎಲ್ಲರಿಗೂ ಕಾಣುವ ಜಾಗದಲ್ಲೇ ತೂಗುತ್ತದೆ. ಆ ಕೊಂಬೆ ಬರುವುದು ಸುರತ್ಕಲ್ ಕಡೆಯ ನೆಂಟರಿಂದ.

ಒಬ್ಬೊಬ್ಬರೇ ಮಾಡುವ ಕೆಲಸ ಇದಾದರೆ, ಎಲ್ಲರೂ ಕೂತು ಮಾಡುವುದು ಅಂಗಳದ ನಕ್ಷತ್ರ. ಪಪ್ಪ ಕಲಿಸಿದ್ದು. ಎರಡಡಿಯ ಹತ್ತು ಬಿದಿರ ಕಡ್ಡಿ, ಐದಿಂಚಿನ ಐದು ತುಂಡು. ಐದೈದು ಕಡ್ಡಿಗಳನ್ನು ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯಿಸಿ ನೇಯ್ದರೆ ಎರಡು ನಕ್ಷತ್ರದ ಚೌಕಟ್ಟುಗಳಾಗುತ್ತವೆ. ಎರಡನ್ನೂ ಸೇರಿಸಿ ಐದೂ ತುದಿ ಬಿಗಿದು, ಒಳಗಿನ ಮೂಲೆಗಳಲ್ಲಿ ಸಣ್ಣ ತುಂಡುಗಳನ್ನು ಅಡ್ಡ ಕೊಟ್ಟರೆ ಹೊಟ್ಟೆ ಉಬ್ಬುತ್ತದೆ. ಮೈದಾ ಅಂಟು ಕಾಯಿಸಿ ಗಾಳಿಪಟದ ಕಾಗದ ಹಚ್ಚುವುದು. ಪಪ್ಪ ಹುಳ ಬಾರದಿರಲೆಂದು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಮಕ್ಕಳು ಬೆರಳಲ್ಲೇ ಅಂಟು ಬಳಿಯುವುದರಿಂದ ನಾನು ಹಾಕುವುದಿಲ್ಲ, ಆಯಾ ದಿನದ್ದು ಆಯಾ ದಿನ ಕಾಯಿಸುತ್ತೇನೆ. ಕಾಗದ ಸುಕ್ಕಾದರೆ ಹೆದರಬೇಕಾಗಿಲ್ಲ. ಅಂಟು ಒಣಗಿದ ಮೇಲೆ ನೀರನ್ನು ಹನಿಹನಿಯಾಗಿ ಚಿಮುಕಿಸಿ ಬಿಟ್ಟರೆ, ಒಣಗುತ್ತಾ ತಾನೇ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ಸಣ್ಣ ಡೋಲಿನ ಸದ್ದು. ಒಳಗೆ ಎಲ್‌ಇಡಿ ಬಲ್ಬ್ ಮಾತ್ರ. ಹಿಂದಿನ ಬಲ್ಬಿನ ಬಿಸಿಗೆ ನಮ್ಮ ಒಂದು ನಕ್ಷತ್ರ ಕರಿಕಾಗಿತ್ತು.

ಮಗನಿಗೆ ಲೆಕ್ಕವೆಂದರೆ ಬೇಸರ. ಕಡ್ಡಿ ಅಳೆಯಲು ಕೂತಾಗ ಅವನಿಗೊಂದು ಸಂಗತಿ ಹೇಳಿದ್ದೆ. ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರಾವಿಯನ್ ಸಭೆ ಎಂಬ ಕ್ರೈಸ್ತ ಪಂಗಡದವರ ವಸತಿ ಶಾಲೆಯಿತ್ತು. 1830ರ ದಶಕದಲ್ಲಿ ಅಲ್ಲಿನ ಮಕ್ಕಳು ರೇಖಾಗಣಿತದ ಪಾಠಕ್ಕೆಂದು ಕಾಗದದ ನಕ್ಷತ್ರ ಮಾಡಿದರು. ಅವರು ಅದನ್ನು ತಮ್ಮ ಮನೆಗಳಿಗೂ ಒಯ್ದರು, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ನಕ್ಷತ್ರ ಕಟ್ಟುವುದು ಮನೆಮಂದಿಯ ವಾಡಿಕೆಯಾಯಿತು. ಹೆರ್ನ್‌ಹುಟ್ ನಕ್ಷತ್ರವೆಂದು ಇಂದು ಪ್ರಸಿದ್ಧವಾಗಿರುವುದು ಅದೇ, 25 ಮೊನೆಗಳದ್ದು. "ಅಂದರೆ ಮೊದಲು ಮಾಡಿದ್ದು ಮಕ್ಕಳೇ?" ಎಂದು ಎರಡು ಸಲ ಕೇಳಿದ. ಆ ವರ್ಷ ಕಡ್ಡಿಗಳ ಅಳತೆಯೆಲ್ಲ ಅವನದೇ.

ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಹಸಿರಿಗೆ ಹತ್ತು ದಿನ ಮುಂಚೆ ತೆಂಗಿನ ಗೆರಟೆಗಳಲ್ಲಿ ಭತ್ತ ಬಿತ್ತುತ್ತೇವೆ. ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಕೆಲಸವೂ ಅದೇ ವಾರ ಬರುವುದರಿಂದ ಅಲಂಕಾರಗಳನ್ನು ಡಿಸೆಂಬರ್ ಮೊದಲ ವಾರಕ್ಕೇ ಮುಗಿಸುವುದು ಒಳ್ಳೆಯದು. ಕಿಡಿಯೊ ಎಂಬ ಸುರುಳಿ ತಿಂಡಿ ಸುತ್ತುವ ಕೈಗಳು ಹಾಳೆ ಕತ್ತರಿಸಲಾರವು.

ಜನವರಿ 6ರ ಮೂವರು ರಾಯರ ಹಬ್ಬ ಕಳೆದ ಮರುದಿನ ಎಲ್ಲವನ್ನೂ ಇಳಿಸುತ್ತೇವೆ. ಒಂದೊಂದನ್ನೂ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ, ನಡುನಡುವೆ ಒಣ ಬೇವಿನೆಲೆ, ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಪೊಟ್ಟಣಗಳು. ಮುಚ್ಚಳದ ಸುತ್ತ ಟೇಪು. ಎಲ್ಲದರ ಮೇಲೆ 2015ರ ನಕ್ಷತ್ರ, ಅದರ ಜೊತೆ ಒಂದು ಸಣ್ಣ ಲಕೋಟೆ. ಅದರೊಳಗೆ ನಾನು ಕತ್ತರಿಸಿದ ಆ ಎರಡು ತುದಿಗಳಿವೆ. ಮಗಳಿಗೀಗ ಹದಿನೈದು ದಾಟಿದೆ. ಆ ಲಕೋಟೆಯನ್ನು ಡಬ್ಬಿಗೆ ಹಾಕುವುದು ಇವತ್ತಿಗೂ ಅವಳೇ.