ಡಂಪ್ಲಿಂಗ್ ತಿನ್ನೋಕೆ ಹೋಗುವ ಮುಂಚೆ, ನಮ್ಮ ಬಳ್ಳಾರಿ ಕಡೆಯವರಿಗೆ

ರಜೆಗೆ ಬಳ್ಳಾರಿಗೆ ಬಂದಿದ್ದೇನೆ. ನಮ್ಮ ಓಣಿಯ ಇಬ್ಬರು ಹುಡುಗರು ಓದೋಕೆ ಅಂತ ಮೆಲ್ಬರ್ನ್‌ಗೆ ಹೊರಟಿದ್ದಾರೆ. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ತಿನ್ನುತ್ತಾ "ಅಣ್ಣಾ, ಅಲ್ಲಿ ಮಧ್ಯಾಹ್ನ ಏನು ತಿಂತೀರಿ?" ಅಂತ ಕೇಳಿದರು. ವಾರಕ್ಕೊಮ್ಮೆ ಚೀನೀಯರ ಸಣ್ಣ ಹೋಟೆಲಲ್ಲಿ ಡಂಪ್ಲಿಂಗ್ ಅಂದೆ. ಒಬ್ಬ ಮುಖ ಹಿಂಡಿದ. ಅವನಿಗೂ, ಆ ಕಡೆ ರಾಯಚೂರು, ಕೊಪ್ಪಳದಿಂದ ಗಂಟು ಕಟ್ಟುತ್ತಿರುವವರಿಗೂ ಇದನ್ನ ಬರೆಯುತ್ತಿದ್ದೇನೆ.

ಮೊದಲು ಗೋಬಿ ಮಂಚೂರಿ ಮರೆತುಬಿಡಿ. ಅದು ನಮ್ಮ ದೇಶದಲ್ಲೇ ಹುಟ್ಟಿದ ಚೈನೀಸ್. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಂಥ, ಚೀನೀಯರು ಜಾಸ್ತಿ ಇರೋ ಏರಿಯಾದಲ್ಲಿ ಕೇಳಿದರೆ ಪಿಳಿಪಿಳಿ ನೋಡ್ತಾರೆ.

ಡಂಪ್ಲಿಂಗ್ ಅಂದರೆ ಹಿಟ್ಟಿನ ಬಿಲ್ಲೆಯಲ್ಲಿ ಮಾಂಸದ್ದೋ ತರಕಾರಿಯದ್ದೋ ಹೂರಣ ತುಂಬಿ ಮಡಚಿದ್ದು, ನೋಡೋಕೆ ಥೇಟ್ ನಮ್ಮ ಕಡುಬು. ನಾನು ಹೋಗುವ ಹೋಟೆಲಿನ ಕಿಟಕಿ ಹತ್ತಿರ ವಯಸ್ಸಾದ ಆಂಟಿಯೊಬ್ಬರು ಕೂತಿರುತ್ತಾರೆ. ಬಲಗೈಯಲ್ಲಿ ಗೇಣುದ್ದದ ಸಣ್ಣ ಲಟ್ಟಣಿಗೆ. ಎಡಗೈ ಹಿಟ್ಟಿನ ಬಿಲ್ಲೆಯನ್ನು ತಿರುಗಿಸ್ತಾನೇ ಇರುತ್ತೆ, ಅಂಚು ತೆಳು, ನಡುವೆ ದಪ್ಪ, ಇಲ್ಲಾಂದ್ರೆ ಬೇಯುವಾಗ ಹೊಟ್ಟೆ ಒಡೆಯುತ್ತೆ. ಹೂರಣ ಇಟ್ಟು ಅಂಚನ್ನು ಒತ್ತಿ ಮಡಚುವಾಗ ಅವರ ಬೆರಳು ನೋಡಿದರೆ, ಪಂಚಮಿ ಹಿಂದಿನ ದಿನ ಅಡುಗೆಮನೆಯಲ್ಲಿ ಕೂತ ನಮ್ಮ ಅವ್ವನೇ ನೆನಪಾಗ್ತಾಳೆ.

ಈಗ ಮುಖ್ಯ ವಿಷಯ. ಮೆನುವಿನಲ್ಲಿ "ಕ್ಯಾಬೇಜ್" ಅಂತ ಕಂಡ ತಕ್ಷಣ ಹಿಗ್ಗಬೇಡಿ. ತರಕಾರಿ ಇದೆ ಅಂದರೆ ಮಾಂಸ ಇಲ್ಲ ಅಂತ ಅರ್ಥ ಅಲ್ಲ. ಚೀನೀ ಭಾಷೆಯಲ್ಲಿ "ರೋ" ಅಂದರೆ ಮಾಂಸ, ಸುಮ್ನೆ ರೋ ಅಂದರೆ ಸಾಮಾನ್ಯವಾಗಿ ಹಂದಿ. ಹೋದ ಹೊಸತರಲ್ಲಿ ಒಂದು ಕಡೆ ಮೊಟ್ಟೆ-ಚೈವ್ಸ್ (ಒಂಥರಾ ಸೊಪ್ಪು) ಡಂಪ್ಲಿಂಗ್ ತರಿಸಿ ಐದು ನುಂಗಿದ ಮೇಲೆ ಹಲ್ಲಿಗೆ ಒಣ ಸೀಗಡಿ ಸಿಕ್ಕಿತು. ತಪ್ಪು ನನ್ನದೇ, ಕೇಳಿರಲಿಲ್ಲ. ಆದ್ದರಿಂದ "ವೆಜ್ಜಾ?" ಅನ್ನಬೇಡಿ, ಮಾಂಸ, ಮೀನು, ಸೀಗಡಿ, ಮೊಟ್ಟೆ ಅಂತ ಒಂದೊಂದೇ ಹೆಸರು ಹಿಡಿದು ಕೇಳಿ, ಮಾತು ತಿಳಿಯದಿದ್ದರೆ ಫೋನಿನಲ್ಲಿ ಅನುವಾದ ಮಾಡಿ ತೋರಿಸಿ, ಅವರೇನೂ ಬೇಜಾರು ಮಾಡ್ಕೊಳ್ಳಲ್ಲ. ಚೈವ್ಸ್ ನಮ್ಮ ಉಳ್ಳಾಗಡ್ಡಿ ತಪ್ಪಲಿನ ನೆಂಟ, ಬೆಳ್ಳುಳ್ಳಿ ವಾಸನೆನೂ ಇರುತ್ತೆ, ಉಳ್ಳಾಗಡ್ಡಿ ಬಿಟ್ಟವರು ಅದನ್ನೂ ಬಿಡಿ. ಹಲಾಲ್ ಬೇಕಿದ್ದವರು ಲಾಂಝೌ ನೂಡಲ್ಸ್ ಅಂಗಡಿ ಹುಡುಕಿ. ವಾಯವ್ಯ ಚೀನಾದ ಮುಸ್ಲಿಮರ ಅಡುಗೆ ಅದು. ಆದರೂ ಬೋರ್ಡಿನಲ್ಲಿ ಹಲಾಲ್ ಅಂತ ಇದೆಯಾ ನೋಡಿಕೊಂಡೇ ಒಳಗೆ ಹೋಗಿ.

ಕುದಿಸಿದ್ದು, ಆವಿಯಲ್ಲಿ ಬೇಯಿಸಿದ್ದು, ತಳ ಮಾತ್ರ ಗರಿಗರಿ ಹುರಿದದ್ದು, ಮೂರೂ ಸಿಗುತ್ತೆ. ಮೊದಲ ಸಲ ಹುರಿದದ್ದೇ ತಗೊಳ್ಳಿ, ಬಾಯಿಗೆ ಬೇಗ ಹಿಡಿಸುತ್ತೆ. ಒಂದು ಪ್ಲೇಟಲ್ಲಿ ಹತ್ತು ಹನ್ನೆರಡು ಇರುತ್ತೆ, ಇಬ್ಬರಿದ್ದರೆ ಎರಡು ಬಗೆ ತರಿಸಿ ಹಂಚಿಕೊಳ್ಳಿ. ಮಾಂಸ ತಿನ್ನುವವರಿಗೆ ಶಾಂಘೈ ಕಡೆಯ ಶಿಯಾವ್‌ಲಾಂಗ್‌ಬಾವ್ ಅಂತ ಇನ್ನೊಂದಿದೆ. ಹೆಪ್ಪುಗಟ್ಟಿಸಿದ ಮಾಂಸದ ಸಾರನ್ನು ಹೂರಣಕ್ಕೆ ಕಲಸಿ ಸುತ್ತಿರುತ್ತಾರೆ, ಆವಿಗೆ ಅದು ಕರಗಿ ಒಳಗೆ ಕುದಿಯುವ ಸಾರಾಗುತ್ತೆ. ನನ್ನ ಗೆಳೆಯ ಇಡೀದು ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದ್ಕೊಂಡ. ಚಮಚೆಯಲ್ಲಿಟ್ಟು ಅಂಚಿಗೆ ಸಣ್ಣ ತೂತು ಮಾಡಿ, ಸಾರು ಹೀರಿ, ಆಮೇಲೆ ತಿನ್ನಿ.

ಮೇಜಿನ ಮೇಲೆ ಕಪ್ಪು ವಿನಿಗರ್, ಸೋಯಾ ಸಾಸ್, ಮೆಣಸಿನಕಾಯಿ ಎಣ್ಣೆ ಇರುತ್ತೆ. ವಿನಿಗರ್ ಜಾಸ್ತಿ, ಸೋಯಾ ಕಮ್ಮಿ. ಎಣ್ಣೆ ಎಷ್ಟು ಅಂತ ಬಳ್ಳಾರಿಯವರಿಗೆ ನಾನು ಹೇಳಬೇಕಾ? ಚಾಪ್‌ಸ್ಟಿಕ್ ಹಿಡಿಯೋಕೆ ಬರದಿದ್ದರೆ ಫೋರ್ಕ್ ಕೇಳಿ, ನಾಚಿಕೆ ಬೇಡ. ಆದರೆ ಅನ್ನದ ಬಟ್ಟಲಲ್ಲಿ ಚಾಪ್‌ಸ್ಟಿಕ್ಕನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಸತ್ತವರಿಗೆ ಊದಿನಕಡ್ಡಿ ಹಚ್ಚಿಟ್ಟ ಹಾಗೆ ಕಾಣುತ್ತೆ ಅವರಿಗೆ.

ಉತ್ತರ ಚೀನಾದವರ ಹೋಟೆಲಾದರೆ ಕೊನೆಗೆ ಡಂಪ್ಲಿಂಗ್ ಬೇಯಿಸಿದ ನೀರನ್ನೇ ಬಟ್ಟಲಲ್ಲಿ ಕೊಡಬಹುದು. ಕೈ ತೊಳೆಯೋಕಲ್ಲ, ಕುಡಿಯೋಕೆ. ಅನ್ನ ಬಸಿದ ಗಂಜಿ ಥರಾನೇ, ಉಪ್ಪು ಮಾತ್ರ ಇರಲ್ಲ.